ಅಪ್ಪನ ಪಾಳಿ

ಆಗೆಲ್ಲ ಶ್ರಾವಣ ಬಂತೆಂದರೆ ಕಲ್ಲೂರಿನ ನಮ್ಮ ಓಣಿಯ ಗುಡಿಯಲ್ಲಿ ಸಪ್ತಾಹ, ಏಳು ದಿನ ‘ಓಂ ನಮಃ ಶಿವಾಯ’ ನಿಲ್ಲುತ್ತಿರಲಿಲ್ಲ. ಹಗಲು ರಾತ್ರಿ ಯಾರಾದರೂ ಹೇಳುತ್ತಲೇ ಇರಬೇಕು. ಮನೆಗೊಂದು ಪಾಳಿ. ನಡುವೆ ದೀಪ, ಅದರ ಸುತ್ತ ತಾಳ ಹಿಡಿದು ತಿರುಗುವ ಗಂಡಸರು. ಮುಂದಿನ ಪಾಳಿಯವರು ಬಂದು ತಾಳ ಇಸಿದುಕೊಳ್ಳುವ ತನಕ ಬಿಡುವಂತಿಲ್ಲ. ಎಣ್ಣೆ, ವಿಭೂತಿ, ಗದ್ದೆಯಿಂದ ನೇರ ಬಂದವರ ಕಾಲಿನ ಕೆಸರು, ಎಲ್ಲ ಸೇರಿ ಒಂದು ವಾಸನೆ. ಹುಡುಗರಿಗೆ ಭಕ್ತಿ ಏನೂ ಇರಲಿಲ್ಲ. ಪಾಳಿ ಮುಗಿದಾಗ ಕೊಡುವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಗಾಗಿ ಕಟ್ಟೆ ಮೇಲೆ ಗೋಲಿ ಆಡುತ್ತಾ ಕಾಯುತ್ತಿದ್ದೆವು.

ಅಪ್ಪ ಮಾತು ಕಮ್ಮಿಯ ಮನುಷ್ಯ. ಒಮ್ಮೆ ಆ ನಾಮದ ಅರ್ಥ ಕೇಳಿದೆ:

“ಯಪ್ಪಾ, ಹಂಗಂದ್ರ ಏನು?”

“ನಂದೇನೂ ಇಲ್ಲ ಶಿವನ, ಎಲ್ಲಾ ನಿಂದ ಅಂತ.”

“ಮತ್ತ ನಮ್ಮ ಎತ್ತು?”

“ಅವೂ ಅವನವ.”

“ಹಂಗಾದ್ರ ನೀ ಯಾಕ ಮೇವು ಹಾಕ್ತಿ?”

“ಮಂಗ್ಯಾನ ಮಗನ,” ಎಂದು ನಕ್ಕ.

ಆ ವರ್ಷ ಮೊದಲ ದಿನವೇ ನನಗೆ ಏಟು ಬಿತ್ತು. ಅಪ್ಪ ತಿರುಗುತ್ತಿದ್ದಾಗ ನಡುವೆ ನುಗ್ಗಿ, ಮಿರ್ಚಿ ಯಾವಾಗ ಕೊಡುತ್ತಾರೆ ಎಂದು ಕೇಳಿದ್ದೆ. ಭಜನೆ ನೋಡಿಕೊಳ್ಳುವ ಶಿದ್ದಪ್ಪ ತಾತ ಕಿವಿ ಹಿಂಡಿ ಹೊರಗೆ ಎಳೆದು ತಂದು, ಬೆನ್ನಿಗೆ ಒಂದು ಕೊಟ್ಟ.

“ಲೇ, ನಾಮದ ನಡಕ ಬ್ಯಾರೆ ಮಾತು ಬಂತಂದ್ರ ಸಪ್ತಾಹ ಮುರೀತದ. ಊರಿಗೇ ಕೇಡು. ಗೊತ್ತಾತಿಲ್ಲ?”

ಗೊತ್ತಾಯಿತು. ಚೆನ್ನಾಗಿಯೇ ಗೊತ್ತಾಯಿತು.

ಎರಡು ದಿನ ಬಿಟ್ಟು, ಮಧ್ಯಾಹ್ನ. ಮನೆಯಲ್ಲಿ ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಉಸಿರು ಸಿಗದಂತಾಯಿತು. ರಾಯಚೂರಿಗೆ ಒಯ್ಯಲು ಅವ್ವ ಜೀಪಿಗೆ ಹೇಳಿ ಕಳಿಸಿ, ನನಗೆ ಅಂದಳು:

“ಗುಡಿಗೆ ಓಡು. ಅಜ್ಜಿಗೆ ಭಾಳ ಆಗ್ಯಾದ, ಲಗೂನ ಬಾ ಅಂತ ಅಪ್ಪಗ ಹೇಳು.”

ಅಜ್ಜಿ ನನ್ನ ಕೈ ಹಿಡಿದು, “ಅಂವನ್ನ ಕರ್ಕೊಂಡೇ ಬಾರಪಾ,” ಎಂದಳು.

ಓಡಿದೆ. ಗುಡಿಯಲ್ಲಿ ಅಪ್ಪ, ಶಿದ್ದಪ್ಪ ತಾತ ಇಬ್ಬರೇ. ಕಾಲುವೆಗೆ ನೀರು ಬಿಟ್ಟಿದ್ದರು, ಉಳಿದವರೆಲ್ಲ ನಾಟಿಗೆ ಹೋಗಿದ್ದರು. ತಾತನ ದನಿ ಬಿದ್ದುಹೋಗಿತ್ತು, ತುಟಿ ಮಾತ್ರ ಆಡುತ್ತಿತ್ತು. ಅಪ್ಪನೊಬ್ಬನೇ ನಾಮ ಎಳೆಯುತ್ತಿದ್ದ. ನಾನು ಬಾಗಿಲಲ್ಲಿ ತೇಕುತ್ತಾ ನಿಂತೆ. ತಾತ ಕೆಕ್ಕರಿಸಿ ನೋಡಿದ. ಅಪ್ಪ ತಿರುಗುತ್ತಾ ಬಂದ, ನನ್ನನ್ನು ನೋಡಿ ನಕ್ಕ. ಗೂಟಕ್ಕಿದ್ದ ಇನ್ನೊಂದು ಜೊತೆ ತಾಳ ತೆಗೆದು ನನ್ನ ಕೈಗಿಟ್ಟ. ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದ.

ನಾನು ‘ಓಂ ನಮಃ ಶಿವಾಯ’ ಎಂದೆ.

ಸನ್ನೆ ಮಾಡಬಹುದಿತ್ತು. ಧೋತರ ಹಿಡಿದು ಜಗ್ಗಬಹುದಿತ್ತು. ಮಾಡಲಿಲ್ಲ. ನನ್ನ ಒಂದು ಮಾತಿಗೆ ಊರೇ ಹಾಳಾಗುತ್ತದೆ ಎಂದು ಹೆದರಿದ್ದೆ. ಮುಂದಿನ ಪಾಳಿಯವರು ಬಂದ ಕೂಡಲೇ ಹೇಳಿದರಾಯಿತು ಎಂದುಕೊಂಡೆ. ಅವರು ಹೊತ್ತಾದರೂ ಬರಲಿಲ್ಲ. ಹೊರಗೆ ಜೀಪು ನಿಂತು ಮತ್ತೆ ಮತ್ತೆ ಹಾರ್ನ್ ಹೊಡೆಯಿತು. ಆಮೇಲೆ ಹೋಗಿಬಿಟ್ಟಿತು. ನಾನು ತಾಳ ಇನ್ನೂ ಜೋರಾಗಿ ಬಡಿದೆ.

ಕೊನೆಗೂ ಪಾಳಿ ಬದಲಾದ ಮೇಲೆ ಕಟ್ಟೆ ಮೇಲೆ ಅಪ್ಪನಿಗೆ ಹೇಳಿದೆ. ಅಪ್ಪ ಚಪ್ಪಲಿ ಹಾಕಿಕೊಳ್ಳದೆ ರೋಡಿಗೆ ಓಡಿ ಬಸ್ಸು ಹತ್ತಿದ. ರಾಯಚೂರಿನ ದಾರಿಯಲ್ಲಿ ಕಲ್ಮಲದ ಹತ್ತಿರ ಜೀಪು ಎದುರಿಗೆ ಸಿಕ್ಕಿತಂತೆ. ಊರಿಗೆ ತಿರುಗಿ ಬರುತ್ತಿತ್ತು.

“ಬಂದನೇನ, ಬಂದನೇನ ಅಂತ ಕೇಳ್ಕೋತನ ಹೋದಳು,” ಎಂದು ಅವ್ವ ಅತ್ತಳು.

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಣ್ಣಿಗೆ ಬಂದವರು, “ಹುಡುಗ ನಾಮ ಬಿಡಲಿಲ್ಲ ನೋಡ್ರಿ, ಶಿವನೇ ನಿಂದರಿಸ್ಯಾನ,” ಎಂದು ನನ್ನ ತಲೆ ಸವರಿದರು. ಆ ಕೈಗಳು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅದಾದ ಮೇಲೆ ಆ ನಾಮ ನನ್ನ ಬಾಯಿಂದ ಹೊರಡಲಿಲ್ಲ. ಸಾಲಿಗೆ ಹೋಗುವುದನ್ನೂ ಬಿಟ್ಟೆ. ಈಗ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತೇನೆ. ಊರಲ್ಲಿ ಸಪ್ತಾಹ ಮೂರು ದಿನಕ್ಕೆ ಇಳಿದಿದೆ. ರಾತ್ರಿ ಮೈಕಿಗೆ ಮೊಬೈಲು ಹಚ್ಚಿ ಮಲಗುತ್ತಾರೆ.

ಈ ಶ್ರಾವಣಕ್ಕೆ ಊರಿಗೆ ಹೋದಾಗ ತಡೆಯಲಾಗಲಿಲ್ಲ. ಅಪ್ಪ ಎತ್ತಿನ ಮೈ ತೊಳೆಯುತ್ತಿದ್ದ. ಹೇಳಿಬಿಟ್ಟೆ.

“ಯಪ್ಪಾ, ಅವತ್ತು ಗುಡ್ಯಾಗ ನಾ ಬಾಯಿ ಬಿಡಬೇಕಿತ್ತು. ನನ್ನಿಂದ ತಪ್ಪಾತು.”

ಅವನು ತೊಳೆಯುವುದು ನಿಲ್ಲಿಸಲಿಲ್ಲ.

“ನೀ ಓಡಿ ಬಂದಿದ್ದಿ. ನಿನ್ನ ಮಾರಿ ನೋಡಿದ ಕೂಡ್ಲೇ ತಿಳೀತು ನನಗ, ಅವ್ವಗ ಏನೋ ಆಗ್ಯಾದ ಅಂತ.”

“ಮತ್ತ?”

“ನೀ ಹೇಳಿದ್ರ ನಾ ಹೋಗಬೇಕಿತ್ತು. ಹೋದ್ರ ನಾಮ ನಿಲ್ತಿತ್ತು. ಇವನ ಪಾಳ್ಯಾಗ ನಿಂತಿತು ಅಂತ ಊರೆಲ್ಲಾ ಅಂತಿತ್ತು. ಅದಕ್ಕ ನೀ ಹೇಳದಂಗ ನಿನ್ನ ಕೈಗೆ ತಾಳ ಕೊಟ್ಟೆ.”

ಕೊಡ ಎತ್ತಿಕೊಂಡು ನೀರಿಗೆ ಹೋದ.

ಹೇಳಿದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ತಪ್ಪು ಇಬ್ಬರಿಗೂ ಅರ್ಧ ಅರ್ಧ ಆಗಲಿಲ್ಲ, ಪೂರ್ತಿ ಪೂರ್ತಿ ಬಂತು. ಇಷ್ಟು ವರ್ಷ ನನ್ನ ಹತ್ತಿರ ಒಂದೇ ಒಂದು ಉಳಿದಿತ್ತು. ನಾನು ಹೇಳಿದ್ದು ಹೆದರಿಕೆಯಿಂದ ಇರಲಿ, ಅವತ್ತು ಅಪ್ಪನಾದರೂ ಶಿವನ ಹೆಸರನ್ನು ಶಿವನಿಗಾಗಿಯೇ ಹೇಳಿದ್ದ ಎಂದು ನಂಬಿದ್ದೆ. ಈಗ ಅದೂ ಇಲ್ಲ.