ಚಂದಮ್ಮನ ಕುಸುಬಿ ಹೂವಿನ ಚಹಾ

ಮಳೆ ಹಿಡಿದ ದಿನ ನಮ್ಮವ್ವ ಚಂದಮ್ಮ ಚಹಾಕ್ಕೆ ನೀರಿಟ್ಟಳೆಂದರೆ ನಾನು ಒಲೆಯ ಹತ್ತಿರ ಹೋಗುವುದಿಲ್ಲ. ಆಳಂದದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಒಮ್ಮೆ ತಡೆಯಲಾರದೆ, ಬೆಂಕಿ ಸ್ವಲ್ಪ ಜೋರು ಮಾಡು ಅಂದೆ. "ಸಾಲ್ಯಾಗಿಂದು ಸಾಲ್ಯಾಗ ಬಿಟ್ಟು ಬಾ, ಮಹಾನಂದಾ" ಅಂದಳು. ಅಂದಿನಿಂದ ಸುಮ್ಮನಿದ್ದೇನೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಚಹಾ ಅಷ್ಟು ಚೆನ್ನಾಗಿರುತ್ತದೆ, ಏನು ಮಾಡಲಿ.

ಅದು ಕುಸುಬಿ ಹೂವಿನ ಚಹಾ. ನಮ್ಮ ಖಜೂರಿಯ ಕರಿನೆಲದಲ್ಲಿ ಕುಸುಬಿಯನ್ನು ಎಣ್ಣೆಗಾಗಿ ಬಿತ್ತುತ್ತಾರೆ. ಹೂವಿನ ಕಡೆ ಯಾರೂ ನೋಡುವುದಿಲ್ಲ, ನೋಡಿದವರೂ ಮುಳ್ಳಿಗೆ ಹೆದರಿ ಕೈ ಹಾಕುವುದಿಲ್ಲ. ಅವ್ವ ನಲವತ್ತು ವರ್ಷ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಹೂವು ಗಿಡದಲ್ಲೇ ಒಣಗಿ ಹಳದಿಯಿಂದ ಕೆಂಪಿಗೆ ತಿರುಗಿದಾಗ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ಬೆಳಗಿನ ಹೊತ್ತಿನಲ್ಲಿ, ಕೈಗೆ ಹಳೆ ಸೀರೆಯ ತುಂಡು ಸುತ್ತಿಕೊಂಡು ಎಸಳು ಬಿಡಿಸಿ ತರುತ್ತಾಳೆ. ನನಗೆ ನೌಕರಿ ಸಿಕ್ಕ ಮೇಲೆ ಕೂಲಿ ಬಿಡಿಸಿದೆ. ಹೂವಿಗೆ ಹೋಗುವುದನ್ನು ಬಿಡಿಸಲಾಗಲಿಲ್ಲ. ನೆರಳಲ್ಲಿ ಒಣಗಿಸಿ ಬರಣಿಗೆ ತುಂಬಿಟ್ಟಳೆಂದರೆ ಮಳೆಗಾಲದ ತನಕ ಅದನ್ನು ಮುಟ್ಟುವಂತಿಲ್ಲ.

ಮಾಡುವ ರೀತಿ ಸುಲಭ ಅಂತ ಕಾಣುತ್ತದೆ. ನೀರು, ಚಹಾಪುಡಿ, ಸಕ್ಕರೆ, ಜಜ್ಜಿದ ಶುಂಠಿ, ಆಮೇಲೆ ಎಮ್ಮೆ ಹಾಲು. ಒಂದು ಉಕ್ಕು ಬಂದ ಕೂಡಲೇ ಒಲೆ ಆರಿಸಿ, ಆಗ ಎಸಳು ಹಾಕಿ ತಾಟು ಮುಚ್ಚಬೇಕು. ಹೂವು ಕುದಿಸಿದರೆ ಕಹಿ. ಎಷ್ಟು ಹೊತ್ತು ಮುಚ್ಚಬೇಕು ಅಂದರೆ ಅವ್ವನ ಬಳಿ ಗಡಿಯಾರದ ಲೆಕ್ಕವಿಲ್ಲ. ಬಾಗಿಲಲ್ಲಿ ನಿಂತು ಮಳೆ ನೋಡುತ್ತಾಳೆ, ಊರ ಮುಂದಿನ ರಸ್ತೆಯಲ್ಲಿ ಮಹಾರಾಷ್ಟ್ರದ ಕಡೆ ನಾಲ್ಕು ಲಾರಿ ದಾಟಿದ ಮೇಲೆ ಬಂದು ಸೋಸುತ್ತಾಳೆ. ಬಣ್ಣ ಥೇಟ್ ಕೇಸರಿ ಹಾಲಿನದು. ಜೇವರ್ಗಿಯಲ್ಲಿ ನೌಕರಿ ಮಾಡುವ ನನ್ನ ಗಂಡ ವಾರಕ್ಕೊಮ್ಮೆ ಬಂದು ಇದನ್ನು ಕುಡಿದು, ಅತ್ತೆಯನ್ನು ಹೊಗಳಿ, ನನ್ನನ್ನು ಮರೆತು ಹೋಗುತ್ತಾನೆ.

ಹಾಲು ಎದುರು ಮನೆಯ ಬಾಳಮ್ಮನದು. ನಮ್ಮಪ್ಪ ಗುರಣ್ಣ ಈ ಓಣಿಯಲ್ಲಿ ಮನೆ ಕಟ್ಟಿ ಮೂವತ್ತು ವರ್ಷವಾಯಿತು, ಅಪ್ಪ ಹೋಗಿ ಹತ್ತು ವರ್ಷವಾಯಿತು. ಅಷ್ಟು ದಿನವೂ ಬಾಳಮ್ಮನ ಎಮ್ಮೆಯ ಹಾಲೇ ನಮ್ಮ ಮನೆಗೆ ಬಂದಿದೆ. ಬಾಳಮ್ಮ ಕೆಟ್ಟವಳಲ್ಲ. ಅಪ್ಪ ತೀರಿಕೊಂಡಾಗ ಅವ್ವನ ಪಕ್ಕ ಹಗಲೆಲ್ಲ ಕೂತು ಅತ್ತವಳು ಅವಳೇ. ಆದರೆ ನಮ್ಮ ಮನೆಯಲ್ಲಿ ಹನಿ ನೀರು ಮುಟ್ಟಿದವಳಲ್ಲ. ನಾವು ಬುದ್ಧನ ಫೋಟೋ ಇಟ್ಟುಕೊಂಡವರು, ಅದಕ್ಕೂ ಮೊದಲು ಊರು ನಮ್ಮನ್ನು ಹೊರಗಿಟ್ಟಿತ್ತು. ಅವಳ ಎಮ್ಮೆಯ ಹಾಲು ನಮ್ಮ ಪಾತ್ರೆಗೆ ಬೀಳುವ ತನಕ ಅವಳದು, ಬಿದ್ದ ಮೇಲೆ ಅವಳಿಗೆ ಆಗದು. ಅವ್ವ ಮಳೆ ಬಂದಾಗೆಲ್ಲ ಕೇಳುತ್ತಾಳೆ, "ಒಂದ್ ಕಪ್ಪ ಕುಡಿತೀರೇನ್ರಿ, ಬಾಳವ್ವ?" ಬಾಳಮ್ಮ, ಈಗಷ್ಟೇ ಕುಡಿದೆ ಎನ್ನುತ್ತಾಳೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಕುಡಿಯದವಳನ್ನು ಮತ್ತೆ ಮತ್ತೆ ಯಾಕೆ ಕೇಳುತ್ತೀ, ಮರ್ಯಾದೆ ಇಲ್ಲವೇ ನಿನಗೆ ಎಂದು ಅವ್ವನ ಮೇಲೆ ಹರಿಹಾಯ್ದೆ.

"ಕೇಳೂದು ನನ್ನ ಮನಿ ರೀತಿ" ಅಂದಳು ಅವ್ವ. "ಒಲ್ಲೆ ಅನ್ನೂದು ಆಕಿ ರೀತಿ. ಆಕಿ ರೀತಿ ಸಲುವಾಗಿ ನನ್ನ ರೀತಿ ಯಾಕ ಬಿಡ್ಲಿ?"

ಆದರೆ ನನಗೆ ಗೊತ್ತು, ಆ ಮನೆಯವರು ಒಬ್ಬರಾದರೂ ತನ್ನ ಕೈಯ ಚಹಾ ಕುಡಿಯಲಿ ಎಂಬುದು ಅವ್ವನ ಆಸೆಯಾಗಿತ್ತು. ಬಾಯಿ ಬಿಟ್ಟು ಹೇಳುವವಳಲ್ಲ ಅಷ್ಟೇ.

ಕಳೆದ ಆಷಾಢದ ಒಂದು ಭಾನುವಾರ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಬಾಳಮ್ಮನಿಗೆ ಮೊಣಕಾಲು ನೋವು, ಹಾಗಾಗಿ ಹಾಲು ತಂದವಳು ಸೊಸೆ ಭಾಗ್ಯಾ. ಈ ಓಣಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಪಡಸಾಲೆಯಲ್ಲಿ ನಿಂತು ಸೆರಗು ಹಿಂಡಿಕೊಳ್ಳುತ್ತಾ, ಒಳಗಿನ ಚಹಾದ ವಾಸನೆಗೆ ಮೂಗು ಅರಳಿಸಿದಳು.

"ಯವ್ವಾ, ನನಗೂ ಒಂದೀಟು ಕೊಡ್ರಿ" ಅಂದಳು.

ಅವ್ವ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಹೊಸ ಕಪ್ಪು ತೆಗೆದು, ತೊಳೆದು, ಸೋಸಿದಳು. ನಾನು ಪರೀಕ್ಷೆಯ ಪೇಪರು ತಿದ್ದುವುದನ್ನು ಬಿಟ್ಟು ಎದ್ದು ನಿಂತೆ. ಮೂವತ್ತು ವರ್ಷದಲ್ಲಿ ಮೊದಲ ಕಪ್ಪು, ಅದೂ ಕೇಳಿ ಇಸಿದುಕೊಂಡದ್ದು. ಭಾಗ್ಯಾ ಕಪ್ಪನ್ನು ತುಟಿಯ ತನಕ ಒಯ್ದು ನಕ್ಕಳು.

"ಕೇಸರಿ ಭಾಳ ಹಾಕೀರಲ್ರಿ. ಬಣ್ಣ ನೋಡ್ರಿ. ಕೇಸರಿ ಕುಡದ್ರ ಕೂಸು ಕೆಂಪಗ ಆಗ್ತದಂತ ಅಲ್ರಿ?"

ಅವ್ವ ಅವಳ ಕೈಯಿಂದ ಕಪ್ಪು ಕಸಿದುಕೊಂಡಳು. ಸೀದಾ ಬಾಗಿಲಿಗೆ ಹೋಗಿ ಚಹಾವನ್ನು ಮಳೆಗೆ ಚೆಲ್ಲಿದಳು.

ನನಗೆ ಏನೂ ಹೊಳೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಡಿಸಿದವಳೇ ತುತ್ತು ಕಸಿದಿದ್ದಳು. ಅವ್ವ ಭಾಗ್ಯಾಳನ್ನು ಒಳಗೆ ಕರೆದು ಮಂಚದ ಮೇಲೆ ಕೂರಿಸಿ ದನಿ ತಗ್ಗಿಸಿದಳು.

"ಎಷ್ಟ್ ದಿನ ಆತು?"

"ಎರಡ್ ತಿಂಗಳ್ರಿ."

"ಇದು ಕೇಸರಿ ಅಲ್ಲವ್ವ, ಕುಸುಬಿ ಹೂ. ಬಸುರಿ ಹೆಂಗಸಿಗೆ ಇದು ಆಗಂಗಿಲ್ಲ. ನಮ್ಮಜ್ಜಿ ಸೂಲಗಿತ್ತಿ ಇದ್ಲು, ಖಡಕ್ಕಾಗಿ ಹೇಳ್ಯಾಳ."

ಭಾಗ್ಯಾ ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹೋದ ವರ್ಷ ಅವಳಿಗೆ ದಿನ ನಿಂತಾಗ ಬಾಳಮ್ಮ ಹಿಗ್ಗಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಹದಿನೈದು ದಿನಕ್ಕೆ ಆಗಬಾರದ್ದು ಆಯಿತು. ಈ ಸಲ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ಅವ್ವನ ಕೈ ಹಿಡಿದುಕೊಂಡು, "ಅತ್ತಿಗಿ ಹೇಳಬ್ಯಾಡ್ರಿ ಯವ್ವಾ" ಅಂದಳು. ಹೇಳುವುದಿಲ್ಲ ಎಂದು ಅವ್ವ ಮಾತು ಕೊಟ್ಟಳು. ಬರಿ ಹಾಲು ಕಾಸಿ ಕೊಡಲು ಎದ್ದರೆ, ಹುಡುಗಿ ಗಾಬರಿಯಲ್ಲಿ ಹೊರಟೇ ಹೋದಳು. ಕೇಸರಿ ಕುಡಿದು ಕೂಸು ಕೆಂಪಾಗುವುದಾದರೆ ಹುಲ್ಲು ತಿನ್ನುವ ಎಮ್ಮೆಗೆ ಹಸಿರು ಕರು ಹುಟ್ಟಬೇಕಿತ್ತು, ಅಷ್ಟನ್ನೂ ಹೇಳಲು ನನಗೆ ಪುರುಸೊತ್ತು ಸಿಗಲಿಲ್ಲ.

ಹೂವಿನ ಮಾತು ನಿಜವೋ ಎಂದು ಮರುದಿನ ಆಳಂದದಲ್ಲಿ ಡಾಕ್ಟರರನ್ನು ಕೇಳಿದೆ. ಬಸಿರಿನಲ್ಲಿ ಬೇಡವೇ ಬೇಡ ಅಂದರು. ಆ ಹೊತ್ತಿಗೆ ಇಲ್ಲಿ ಬೇರೆಯೇ ಶುರುವಾಗಿತ್ತು. ಬಾಳಮ್ಮನ ಮನೆ ಪಕ್ಕದ ಕಿರಾಣಿ ಅಂಗಡಿಯ ಶ್ರೀಮಂತ ಎಂಬವನು, ಅವ್ವ ಕಪ್ಪು ಕಸಿದದ್ದನ್ನೂ ಚಹಾ ಚೆಲ್ಲಿದ್ದನ್ನೂ ನೋಡಿದ್ದ. ಒಳಗೆ ಆಡಿದ ಮಾತು ಅವನಿಗೆ ಕೇಳಿರಲಿಲ್ಲ. ಬೇಳೆ ತೂಗಿ ಕೊಟ್ಟವರಿಗೆಲ್ಲ ಆ ಸುದ್ದಿಯನ್ನೂ ಕಟ್ಟಿಕೊಟ್ಟ. ಸಂಜೆಗೆ ಬಾಳಮ್ಮ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ನಮ್ಮ ಅಂಗಳದಲ್ಲಿ ಬಂದು ನಿಂತಳು.

"ಏ ಚಂದಮ್ಮ, ನಮ್ಮ ಸೊಸಿ ಕೈಯಾಗಿನ ಕಪ್ಪ ಕಸಗೊಂಡಿಯಂತ, ಖರೇನ?"

"ಖರೇ ಅದರಿ."

"ಯಾಕ? ನಮ್ಮ ಮನಿ ಹೆಣ್ಣುಮಗಳು ತಾನಾಗಿ ಕೇಳಿದ್ರ ಚೆಲ್ಲತಿ? ಅಷ್ಟು ಸೊಕ್ಕು ಬಂತೇನು ನಿನಗ?"

ನಾನು ಬಾಯಿ ತೆರೆದೆ. ಅವ್ವ ನನ್ನ ಕಡೆ ಒಂದು ನೋಟ ಬೀರಿದಳು, ಮುಚ್ಚಿದೆ.

"ಯಾಕ ಅಂತ ನಾ ಹೇಳಂಗಿಲ್ಲರಿ" ಅಂದಳು ಅವ್ವ. ದನಿ ಏರಿಸಲಿಲ್ಲ. "ಆದ್ರ ಬಾಳವ್ವ, ಮೂವತ್ತು ವರ್ಷ ನೀವು ಒಲ್ಲೆ ಅಂದೀರಿ. ನಾ ಒಂದ್ ದಿನಾನೂ ಯಾಕ ಅಂತ ಕೇಳಿಲ್ಲ. ನಾ ಒಂದ್ ಸಲ ಒಲ್ಲೆ ಅಂದೇನಿ, ನೀವು ಮಳ್ಯಾಗ ನೆನ್ಕೋತ ಕೇಳಾಕ ಬಂದೀರಿ."

ಬಾಳಮ್ಮ ತಲೆಯ ಮೇಲಿನ ಗೋಣಿಚೀಲ ಸರಿಮಾಡಿಕೊಂಡಳು. ನಾಳೆಯಿಂದ ನಿಮಗೆ ಹಾಲಿಲ್ಲ ಎಂದಷ್ಟೇ ಹೇಳಿ ತಿರುಗಿದಳು.

ಒಂದು ತಿಂಗಳು ಹಾಲು ಬರಲಿಲ್ಲ. ಚಂದಮ್ಮನಿಗೆ ಮಗಳ ನೌಕರಿಯ ಸೊಕ್ಕು ಎಂದು ಅಂಗಡಿಯಲ್ಲಿ ಮಾತಾಯಿತು. ನಾನು ಆಳಂದದಿಂದ ಬಸ್ಸಿನಲ್ಲಿ ಹಾಲಿನ ಪಾಕೀಟು ತರುತ್ತಿದ್ದೆ. ಅವ್ವ ಅದರಲ್ಲೇ ಚಹಾ ಮಾಡಿ, ತೆಳ್ಳಗಾಗಿದೆ ಎಂದು ಒಂದು ಸಲವೂ ಅನ್ನದೆ ಕುಡಿಯುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನಿನ್ನ ಹೆಸರು ಕೆಡುತ್ತಿದೆ, ಆ ಮನೆಯವರು ಯಾರೂ ಇನ್ನು ಈ ಹೊಸ್ತಿಲು ದಾಟುವುದಿಲ್ಲ, ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಕೂಗಾಡಿದೆ.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಅಂದಳು. "ಆ ಹುಡುಗಿ ಕೂಸಿಗಿಂತ ನನ್ನ ಹೆಸರು ದೊಡ್ಡದೇನು? ಸುಮ್ನ ಚಹಾ ಕುಡಿ."

ಕುಡಿದೆ. ಅಷ್ಟು ಸಿಟ್ಟಿನಲ್ಲೂ ನನಗೆ ನಮ್ಮವ್ವನ ಮೇಲೆ ಹೆಮ್ಮೆ ಉಕ್ಕಿ ಬಂತು.

ಶ್ರಾವಣ ಹಿಡಿಯಿತು. ಒಂದು ಮಧ್ಯಾಹ್ನ ಧೋ ಎಂದು ಸುರಿಯುವಾಗ ಬಾಳಮ್ಮ ಕುಂಟುತ್ತ ಬಂದಳು, ಕೈಯಲ್ಲಿ ಹಾಲಿನ ಚಂಬು. ಅಂಗಳದಲ್ಲಿ ನಿಲ್ಲಲಿಲ್ಲ. ಪಡಸಾಲೆಯಲ್ಲೂ ನಿಲ್ಲದೆ ಒಳಗೆ ಬಂದು ಒಲೆಯ ಎದುರು ಕೂತಳು. ಮೂರು ತಿಂಗಳು ತುಂಬಿತೆಂದು ಅವತ್ತು ಬೆಳಿಗ್ಗೆ ಭಾಗ್ಯಾ ಅತ್ತೆಗೆ ಎಲ್ಲ ಹೇಳಿದ್ದಳು.

"ಅವತ್ತು ನಾ ಅಷ್ಟು ಅಂದ್ರೂ ನಿನಗ ಹೇಳಬೇಕು ಅನಸಲಿಲ್ಲೇನ ಬೇ?"

"ಹೇಳಬ್ಯಾಡ ಅಂದಿದ್ಲರಿ."

ಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆ ನೀರೋ ಕಣ್ಣೀರೋ ನಾನು ನೋಡಲು ಹೋಗಲಿಲ್ಲ. ಅವ್ವ ಆ ಹಾಲನ್ನೇ ಹಾಕಿ ಚಹಾಕ್ಕೆ ಇಟ್ಟಳು, ಹೂವು ಹಾಕಿದಳು, ತಾಟು ಮುಚ್ಚಿದಳು. ಕುಡಿಯುತ್ತೀರಾ ಎಂದು ಮಾತ್ರ ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಬಾಳಮ್ಮ ಹಾಲು ತಂದರೂ ಅವಳು ಕೇಳದೆ ಬಿಟ್ಟ ಮೊದಲ ಮಳೆ ಅದು. ಎರಡೇ ಕಪ್ಪಿಗೆ ಸೋಸಿದಳು, ತನಗೊಂದು ನನಗೊಂದು. ಬಾಳಮ್ಮ ಆ ಎರಡು ಕಪ್ಪುಗಳನ್ನೇ ನೋಡುತ್ತಾ ಕೂತಳು.

"ನಾ ಏನ್ ಬಸುರಿ ಅಲ್ಲಲ್ಲ, ಚಂದಮ್ಮ" ಅಂದಳು ಕೊನೆಗೆ. "ನನಗೂ ಹಾಕು."

ಅವ್ವ ತನ್ನ ಕಪ್ಪನ್ನೇ ಅವಳ ಮುಂದೆ ಸರಿಸಿದಳು. ಬಾಳಮ್ಮ ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ಕಪ್ಪಿನ ತಳ ಕಾಣುವ ತನಕ ಕುಡಿದಳು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಇಷ್ಟೇನಾ? ಇಷ್ಟಕ್ಕೆ ಮೂವತ್ತು ವರ್ಷ ಬೇಕಾಯಿತಾ? ಅವ್ವನನ್ನು ನೋಡಿದೆ. ಅವಳು ಗೆದ್ದವರ ಹಾಗೆ ನಗುತ್ತಿರಲಿಲ್ಲ, ಬಂದವರಿಗೆ ಚಹಾ ಸರಿಬಂತೋ ಇಲ್ಲವೋ ಎಂದು ನೋಡುವ ಹಾಗೆ ನೋಡುತ್ತಿದ್ದಳು.

ಚಹಾ ಮುಗಿಸಿದ ಬಾಳಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಖಾಲಿ ಕಪ್ಪು ಹಿಡಿದು ಬಚ್ಚಲಿನ ಕಡೆ ನಡೆದಳು, ತೊಳೆಯಲು. ಯಾಕೆಂದು ನಮಗೆ ಮೂವರಿಗೂ ತಿಳಿಯಿತು. ಅವಳ ಅಂಗಳದ ಗೋಡೆಯ ಗೂಡಿನಲ್ಲಿ ನಮಗಾಗಿ ಒಂದು ಲೋಟ ಬೇರೆ ಇತ್ತು. ಅವರ ಹೊಲದ ಕೆಲಸ ಮುಗಿಸಿ ಬಂದ ಅವ್ವನಿಗೆ ಅದರಲ್ಲಿ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತಾನೇ ತೊಳೆದು, ಬೋರಲು ಹಾಕಿ ಬರಬೇಕು. ಆರನೇ ಇಯತ್ತೆಯಲ್ಲಿದ್ದಾಗ ಅವ್ವನ ಸಂಗಡ ಹೋಗಿ ನಾನೂ ಆ ಲೋಟ ತೊಳೆದಿದ್ದೇನೆ.

ಅವ್ವ ಎದ್ದು ಅಡ್ಡ ನಿಂತಳು.

"ಕೊಡ್ರಿ ಇಲ್ಲಿ" ಅಂದಳು. "ನಮ್ಮ ಮನಿಗಿ ಬಂದವ್ರು ಕಪ್ಪ ತೊಳಿಯಂಗಿಲ್ಲ."

ಬಾಳಮ್ಮ ಕಪ್ಪನ್ನು ಅವ್ವನ ಕೈಗೆ ಕೊಟ್ಟಳು.