ತಪ್ಪಾಗಿ ಓದಿದ ಸ್ಲೈಡು

ಜಮಖಂಡಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ನನಗೆ ಇಪ್ಪತ್ತೆರಡು ವರ್ಷವಾಯಿತು. ಸರ್ಜನ್ನರು ಕೊಯ್ದು ಕಳಿಸುವ ಗಡ್ಡೆಗಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿಸಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆದುಕೊಡುವುದು ನನ್ನ ಕೆಲಸ. ಮೊದಮೊದಲು ಜೀವಕೋಶಗಳನ್ನು ನೋಡಿ ಬೆರಗಾಗುತ್ತಿದ್ದೆ. ಈಗ ಕತ್ತು ನೋಯುತ್ತದೆ, ಸ್ಲೈಡಿನ ಟ್ರೇ ಖಾಲಿಯಾದರೆ ಸಾಕೆನಿಸುತ್ತದೆ.

ಕೆಲವು ವರ್ಷಗಳ ಹಿಂದೆ ರಬಕವಿಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು, ಮಗ್ಗದ ಮನೆಯವರು. ಎಡಗಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡ ಗಂಟು. ನಾನು ಸೂಜಿ ಹಾಕಿ ಕೋಶಗಳನ್ನು ತೆಗೆಯುವಾಗ ಹೇಳಿದರು:

"ಭಾಳ ಬ್ಯಾನಿ ಆಗ್ತೈತ್ರಿ ಡಾಕ್ಟರ್ ಬಾಯಾರ. ಒಮ್ಮೊಮ್ಮೆ ಗಲ್ಲ ಜುಮುಜುಮು ಅಂತೈತಿ."

"ಎಷ್ಟ ದಿನದಿಂದ್ರಿ?"

"ವರ್ಷದ ಮ್ಯಾಲಾತ್ರಿ. ಹಲ್ಲಿಂದ ಇರಬೇಕಂತ ಸುಮ್ನಿದ್ದೆ."

ಕೇಳಿಸಿಕೊಂಡೆ, ಬರೆದುಕೊಳ್ಳಲಿಲ್ಲ. ಹೊರಗೆ ಬೆಂಚಿನ ತುಂಬ ಜನ.

ಸ್ಲೈಡಿನಲ್ಲಿ ಸಣ್ಣ ಗಾಢ ಕೋಶಗಳ ಗುಂಪುಗಳು, ನಡುವೆ ಗುಲಾಬಿ ಬಣ್ಣದ ಅಂಟು. ಜೊಲ್ಲುಗ್ರಂಥಿಯ ಫಜೀತಿಯೇ ಇದು. ನಿರಪಾಯದ ಗಡ್ಡೆಯಲ್ಲೂ ಈ ಅಂಟು ಇರುತ್ತದೆ, ಒಂದು ಬಗೆಯ ಕ್ಯಾನ್ಸರಿನಲ್ಲೂ ಇರುತ್ತದೆ. ಮೊದಲನೆಯದರಲ್ಲಿ ಅದು ಹಿಂಜಿದ ಅರಳೆಯಂತೆ ಅಂಚು ಕೆದರಿ ಕೋಶಗಳೊಳಗೆ ಬೆರೆತಿರುತ್ತದೆ. ಎರಡನೆಯದರಲ್ಲಿ ದುಂಡಗಿರುತ್ತದೆ, ಅಂಚು ಸ್ಪಷ್ಟ, ಕೋಶಗಳು ಸುತ್ತ ಕೂತಿರುತ್ತವೆ. ಆ ಕ್ಯಾನ್ಸರಿನ ಕೋಶಗಳು ನೋಡಲು ಎಷ್ಟು ಸಾಧುವೆಂದರೆ, ಯಾವ ಅನುಮಾನವೂ ಹುಟ್ಟುವುದಿಲ್ಲ. ಹೆಚ್ಚಾಗಿ ಬರುವುದು ನಿರಪಾಯದ್ದೇ. ನಾನು ಅದನ್ನೇ ಬರೆದೆ.

ಅವಸರವಿಲ್ಲವೆಂದು ಸರ್ಜನ್ನರು ಹೇಳಿದರು. ಆಕೆಯ ಮನೆಯಲ್ಲಿ ಮಗಳ ಮದುವೆಯಿತ್ತು. ಅದನ್ನು ಮುಗಿಸಿಕೊಂಡು ನಾಲ್ಕು ತಿಂಗಳ ಮೇಲೆ ಆಪರೇಶನ್ ಆಯಿತು. ಇಡೀ ಗಂಟು ನನ್ನ ಬಳಿ ಬಂತು.

ಈ ಸಲ ಕಂಡದ್ದು ಆ ಕ್ಯಾನ್ಸರೇ, ಅನುಮಾನಕ್ಕೆ ಜಾಗವಿರಲಿಲ್ಲ. ಕೋಶಗಳ ಗುಂಪುಗಳ ತುಂಬ ದುಂಡನೆಯ ತೂತುಗಳು, ಜರಡಿಯ ಹಾಗೆ. ಒಂದು ನರದ ಸುತ್ತ ಅದೇ ಕೋಶಗಳು ಉಂಗುರದಂತೆ ಕಟ್ಟಿಕೊಂಡಿದ್ದವು. ಆಕೆಯ ಬ್ಯಾನಿ ಅಲ್ಲಿತ್ತು. ಹಳೆಯ ಸ್ಲೈಡು ತೆಗೆಸಿ ನೋಡಿದೆ. ಒಂದು ಮೂಲೆಯಲ್ಲಿ ಅಂಚು ಸ್ಪಷ್ಟವಿರುವ ಅಂಟಿನ ಮೂರು ಉಂಡೆಗಳು. ಆಗಲೂ ಅಲ್ಲೇ ಇದ್ದವು.

"ಸೂಜಿ ಪರೀಕ್ಷೆ ಅಂದ್ರ ಹಂಗ, ಬಿಡ್ರಿ," ಎಂದರು ಸರ್ಜನ್ನರು. ಬಿಡಲಾಗಲಿಲ್ಲ. ಆಕೆಯನ್ನು ಕರೆಸಿ ನಾನೇ ಹೇಳಿದೆ.

"ಮೊದಲ ನಾ ಬರದದ್ದು ತಪ್ಪಾಗಿತ್ರಿ. ಇದು ಕ್ಯಾನ್ಸರ್. ನೀವು ಬ್ಯಾನಿ ಅಂತ ಹೇಳಿದ್ರಿ, ನಾ ಲಕ್ಷ್ಯ ಕೊಡಲಿಲ್ಲ."

ಆಕೆ ಸೂಕ್ಷ್ಮದರ್ಶಕದ ಕಡೆ ತಿರುಗಿದರು. "ತೋರಸ್ರಿ," ಎಂದರು.

ಕುರ್ಚಿ ಬಿಟ್ಟುಕೊಟ್ಟೆ. ಒಂದು ಕಣ್ಣು ಮುಚ್ಚಿ ಬಗ್ಗಿದರು. "ಏನೂ ಕಾಣವಲ್ದು... ಹಾಂ. ತೂತು ತೂತು ಐತಿ."

"ಅದ ರೀ."

"ನಾಕ ತಿಂಗಳ ಮೊದಲ ಗೊತ್ತಾಗಿದ್ರ?"

"ಒಮ್ಮೆಲೇ ಸುತ್ತಲದ್ದೂ ಸೇರಿಸಿ ಅಗಲಾಗಿ ತಗೀತಿದ್ರು. ಎಷ್ಟ ಫರಕ ಆಗತಿತ್ತೋ ಖರೇನ ಗೊತ್ತಿಲ್ರಿ."

ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡರು. "ಮದುವಿ ಮಾತ್ರ ನೆಮ್ಮದಿಲೆ ಆತು ನೋಡ್ರಿ," ಎಂದರು. ನನ್ನ ಸಮಾಧಾನಕ್ಕೆ ಆಡಿದ ಮಾತೋ, ಚುಚ್ಚಿದ್ದೋ, ಇವತ್ತಿಗೂ ತಿಳಿದಿಲ್ಲ.

ಬೆಳಗಾವಿಯಲ್ಲಿ ಇನ್ನೊಂದು ಆಪರೇಶನ್ ಆಯಿತು, ನಂತರ ವಿಕಿರಣ ಚಿಕಿತ್ಸೆ. ನರ ಕೊಯ್ದದ್ದರಿಂದ ಎಡಗಡೆಯ ತುಟಿ ಜೋತುಬಿತ್ತು. ಈ ಕ್ಯಾನ್ಸರು ಅವಸರದ್ದಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. ಹೋದ ವರ್ಷ ಆಕೆಗೆ ಅಲ್ಲಿ ಎರಡು ಚುಕ್ಕೆ ಕಂಡಿವೆ. ನಿಧಾನವಾಗಿ ಬೆಳೆಯುತ್ತಿವೆ.

ನಾನು ಕೆಲಸ ಬಿಡಲಿಲ್ಲ, ಬಿಡಬೇಕೆನಿಸಿದ್ದಂತೂ ಹೌದು. ಈಗ ಜೊಲ್ಲುಗ್ರಂಥಿಯ ಸ್ಲೈಡು ಬಂದರೆ ಇನ್ನೊಬ್ಬರಿಗೂ ಕಳಿಸಿ ಕೇಳುತ್ತೇನೆ. ಉತ್ತರ ತಡವಾಗುತ್ತದೆ, ಜನ ಸಿಡಿಮಿಡಿಗೊಳ್ಳುತ್ತಾರೆ.

ಆಕೆ ಜಮಖಂಡಿಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಾರೆ. ಮೊನ್ನೆಯೂ ಬಂದಿದ್ದರು. ಊಟ ಹೇಗೆ ನಡೆದಿದೆ ಎಂದು ಕೇಳಿದೆ.

"ಬೆಳಗಾವಿಂದ ಬಂದಾಗಿಂದ ಬಾಯಿ ಒಣಗಿರತೈತಿ, ರೊಟ್ಟಿ ಇಳಿಯಂಗಿಲ್ರಿ. ನುಚ್ಚು ಮಜ್ಜಿಗಿ ನಡೀತೈತಿ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.