ಬದಲಾಯಿಸದೆ ಬಿಟ್ಟ ವೈರು

ಊರಿನವರು ಅವರನ್ನು ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದು. ಕಿವಿ ದೊಡ್ಡದಿತ್ತು ಎಂದಲ್ಲ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ, ಕೈಯಲ್ಲಿದ್ದ ಸ್ಪಾನರ್ ಕೆಳಗಿಡದೆ, “ಒಂದು ಪ್ಲಗ್ ಸತ್ತಿದೆ” ಎಂದುಬಿಡುತ್ತಿದ್ದರು. ಬಾನೆಟ್ ಎತ್ತಿಸಿ ಅರೆಗಳಿಗೆ ಕಿವಿಗೊಟ್ಟರೆ ಎಷ್ಟನೆಯದು ಎಂಬುದೂ ಹೊರಬೀಳುತ್ತಿತ್ತು. ಹಳೆಯ ಕಾರುಗಳ ನಡುವೆಯೇ ನಲವತ್ತು ವರ್ಷ ಕಳೆದ ಅವರಿಗೆ ಇದ್ದದ್ದು ಒಂದೇ ನಿಯಮ. ಒಂದು ಭಾಗ ಬದಲಾಯಿಸು, ಸ್ಟಾರ್ಟ್ ಮಾಡು, ಕೇಳು. ಆಮೇಲೆ ಮುಂದಿನದಕ್ಕೆ ಕೈ ಹಾಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ರೋಗ ಯಾವುದಿತ್ತೆಂದು ದೇವರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಗೋಡೆಗಡಿಯಾರ ನಿಂತಿದೆ ಎಂದು ಅವರು ಅದನ್ನು ಕೆಳಗಿಳಿಸಿದರು. ಮುಳ್ಳು ಓಡುತ್ತಿತ್ತು. ಟಿಕ್ ಟಿಕ್ ಮಾತ್ರ ಇರಲಿಲ್ಲ. ಆಮೇಲೆ ನಲ್ಲಿಯ ಹನಿಯ ಸದ್ದು ಹೋಯಿತು, ಆಮೇಲೆ ಹೆಂಗಸರ ಮಾತಿನ ಕೊನೆಕೊನೆಯ ಅಕ್ಷರಗಳು. ಇಂಜಿನ್ನಿನ ದಪ್ಪ ಸದ್ದು ಇನ್ನೂ ಕೇಳುತ್ತಿದ್ದುದರಿಂದ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೇರೆ ಯಾರಿಗೂ ಗುಟ್ಟು ತಿಳಿಯಲಿಲ್ಲ, ಹೆಂಡತಿಗೂ. “ಗಾಡಿ ಕೆಮ್ಮಿದ್ರೆ ಓಡಿ ಹೋಗ್ತೀರ, ನಾನು ಹೇಳಿದ್ದು ಮಾತ್ರ ಕೋಣನ ಮುಂದೆ ಕಿನ್ನರಿ” ಎಂದು ಆಕೆ ಮದುವೆಯಾದ ವರ್ಷದಿಂದಲೂ ಬೈಯುತ್ತಿದ್ದಳು. ಆ ಹಳೆಯ ಬೈಗುಳದ ಮರೆಯಲ್ಲಿ ಹೊಸ ಕಿವುಡು ಸದ್ದಿಲ್ಲದೆ ಬೆಳೆಯಿತು.

ಮನೆಮನೆಗೆ ಹೋಗಿ ರೋಗಿಗಳ ಗಾಯ ತೊಳೆದು ಕಟ್ಟುವ ನರ್ಸ್ ಒಬ್ಬರ ಬಳಿ ಅಪ್ಪನ ಕಾಲದ ಕಾರಿತ್ತು. ತೇವದ ಬೆಳಗಿನಲ್ಲಿ ಅದು ಎಲ್ಲೆಂದರಲ್ಲಿ ನಿಲ್ಲತೊಡಗಿತು. ಹೋದ ವಾರ ತಂದು ಬಿಟ್ಟಾಗ ಮೇಸ್ತ್ರಿ ತಮ್ಮ ನಿಯಮವನ್ನು ಮೊದಲ ಬಾರಿಗೆ ಮುರಿದರು. ಕಚ್ಚುಬಿದ್ದ ಪಾಯಿಂಟ್, ಕಂಡೆನ್ಸರ್, ತುದಿ ಸುಟ್ಟ ರೋಟರ್, ಸಣ್ಣ ಬಿರುಕಿದ್ದ ಡಿಸ್ಟ್ರಿಬ್ಯೂಟರ್ ಮುಚ್ಚಳ, ನಾಲ್ಕೂ ಪ್ಲಗ್, ಹೀಗೆ ಕಿಡಿ ಹುಟ್ಟಿಸಿ ಹಂಚುವ ಭಾಗಗಳನ್ನು ಒಂದೇ ಏಟಿಗೆ ಬದಲಾಯಿಸಿದರು. ನಡುನಡುವೆ ನಿಲ್ಲಿಸಿ ಕೇಳುವುದರಿಂದ ಏನೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆ ಕಿಡಿಯನ್ನು ಒಯ್ಯುವ ವೈರುಗಳನ್ನು ಮಾತ್ರ ಬಿಟ್ಟರು. ನೋಡಲು ಗಟ್ಟಿಮುಟ್ಟಾಗಿದ್ದವು. ವೈರಿನ ಕಾಯಿಲೆ ಕಣ್ಣಿಗೆ ಕಾಣುವುದು ಕಡಿಮೆ, ಕಿವಿಗೆ ಸಿಗುವುದೇ ಹೆಚ್ಚು.

ಇವತ್ತು ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು.

“ರೈಲ್ವೆ ಗೇಟಲ್ಲಿ ನಿಂತುಬಿಡ್ತು ಮೇಸ್ತ್ರಿ. ಹಳಿ ದಾಟಿ ಹತ್ತು ಹೆಜ್ಜೆ ಅಷ್ಟೇ” ಎಂದರು ನರ್ಸ್. ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಮೇಸ್ತ್ರಿಯನ್ನು ಹೆಚ್ಚು ಚುಚ್ಚಿತು. “ಹತ್ತು ಹೆಜ್ಜೆ ಮೊದಲೇ ನಿಂತಿದ್ರೆ? ನಮ್ಮಪ್ಪ ನಿಮ್ಮ ಕೈಯಿಂದ ಬಂದ ಗಾಡೀನ ಕಣ್ಣು ಮುಚ್ಕೊಂಡು ಓಡಿಸ್ತಿದ್ರು. ನಿಮಗೆ ಇದರಲ್ಲಿ ಏನಾದ್ರೂ ಅನುಮಾನ ಇದ್ರೆ ಹೇಳಿಬಿಡಿ, ಮಾರ್ತೀನಿ.”

“ನಾಲ್ಕು ಗಂಟೆಗೆ ಬನ್ನಿ ಸಿಸ್ಟರ್” ಎಂದಷ್ಟೇ ಹೇಳಿದರು.

ಒಬ್ಬರೇ ಆದಮೇಲೆ ಎಲ್ಲವನ್ನೂ ಮತ್ತೆ ಅಳೆದರು. ಪಾಯಿಂಟಿನ ಸಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು, ಎಷ್ಟಿರಬೇಕೋ ಅಷ್ಟೇ. ಮುಚ್ಚಳ ಒಣಗಿತ್ತು. ಪ್ಲಗ್ಗುಗಳು ಚೊಕ್ಕವಾಗಿದ್ದವು. ಕಣ್ಣು, ಕೈ ಅಳೆಯಬಲ್ಲದ್ದೆಲ್ಲ ಸರಿಯಿತ್ತು. ಉಳಿದದ್ದು ಕಿವಿ ಅಳೆಯಬೇಕಾದದ್ದು. ಆಗ ಅವರಿಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ ಮಾತು ನೆನಪಾಯಿತು: ಸೋರುವ ವೈರನ್ನು ಕತ್ತಲಲ್ಲಿ ನೋಡು.

ಅಷ್ಟರಲ್ಲಿ ಗ್ಯಾರೇಜಿನ ಹಿಂದಿದ್ದ ಮನೆಯಿಂದ ಹೆಂಡತಿ ಊಟದ ಡಬ್ಬಿ ತಂದಳು.

“ಏನೇ, ಆ ಶಟರ್ ಎಳಿ ಸ್ವಲ್ಪ.”

“ನಡುಮಧ್ಯಾಹ್ನ ಅಂಗಡಿ ಮುಚ್ಚಿ ಏನು ಮಾಡ್ತೀರಿ, ದರೋಡೆನಾ?” ಎನ್ನುತ್ತಲೇ ಆಕೆ ಎಳೆದಳು.

ಹೊಗೆ ಒಳಗೆ ನಿಂತರೆ ಪ್ರಾಣಕ್ಕೇ ಸಂಚಕಾರ. ಸೈಲೆನ್ಸರಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಹಿಂದಿನ ಕಿಟಕಿಯಿಂದ ಹೊರಗೆ ಬಿಟ್ಟು, ಸುತ್ತ ಗೋಣಿ ತುರುಕಿದರು. ಇಂಜಿನ್ ಸ್ಟಾರ್ಟ್ ಮಾಡಿ, ವೈರುಗಳ ಮೇಲೆ ಬಾಟಲಿಯಿಂದ ನೀರು ಚಿಮುಕಿಸಿ, ಕಾದರು. ಕಣ್ಣು ಕತ್ತಲಿಗೆ ಒಗ್ಗಿತು. ಕಿಡಿಗೆ ಬಲ ಕೊಡುವ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ಹೋಗುವ ದಪ್ಪ ವೈರಿನ ನಡುವಿನಿಂದ ಪಕ್ಕದ ತಗಡಿಗೆ ನೀಲಿ ಕಿಡಿಗಳು ಹಾರುತ್ತಿದ್ದವು. ಒಂದಲ್ಲ, ಎರಡಲ್ಲ, ಒಂದರ ಹಿಂದೊಂದು, ಯಾವ ಸದ್ದೂ ಇಲ್ಲದೆ. ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸಿಕ್ಕಿತು ಎಂದು ಎದೆ ಹಗುರವಾಯಿತು.

ಪಕ್ಕದಲ್ಲಿ ಹೆಂಡತಿ ಏನೋ ಅಂದಂತಾಯಿತು. ಬೆಳಕಿದ್ದರೆ ತುಟಿ ನೋಡಿ ಹಿಡಿಯುತ್ತಿದ್ದರು. ಡಬ್ಬಿ ತಂದವಳು ಇನ್ನೇನು ಕೇಳುತ್ತಾಳೆ ಎಂದು ಲೆಕ್ಕ ಹಾಕಿ, “ಹೂಂ, ಆಮೇಲೆ ಉಣ್ತೀನಿ” ಎಂದರು.

ಇಂಜಿನ್ ಆರಿಸಿದರು. ಶಟರ್ ಮೇಲೆ ಹೋಯಿತು. ಆಕೆ ಶಟರಿನ ಹಿಡಿ ಬಿಡದೆ ಅವರನ್ನೇ ನೋಡುತ್ತಿದ್ದಳು.

“ನಾನು ಊಟದ ವಿಷಯ ಕೇಳ್ಲೇ ಇಲ್ಲ” ಎಂದಳು. “ಆ ಚಟ್ ಚಟ್ ಅನ್ನೋದು ಏನು ಅಂದೆ. ಮೂರು ಸಲ ಕೇಳ್ದೆ. ಬಾಗಿಲಾಚೆಗೂ ಕೇಳೋ ಹಾಗೆ ಹೊಡ್ಕೋತಿತ್ತಲ್ರೀ.”

ಅವರು ಕೈ ಒರೆಸುವ ಬಟ್ಟೆ ಹುಡುಕಿದರು. ಅದು ಹೆಗಲ ಮೇಲೇ ಇತ್ತು.

“ಯಾವಾಗಿಂದ?”

“ಎರಡು ವರ್ಷ ಆಯ್ತು.”

“ಅಂದ್ರೆ ಎರಡು ವರ್ಷ ನಾನು ಗೋಡೆ ಜೊತೆ ಜಗಳ ಆಡಿದ್ನಾ?” ಎಂದಳು. ಬೈಗುಳವೆಂದು ಶುರುವಾದ ಮಾತು ಬೈಗುಳವಾಗಿ ಮುಗಿಯಲಿಲ್ಲ. “ಹೋದ ವರ್ಷ ನಮ್ಮಕ್ಕ ತೀರ್ಕೊಂಡ ದಿನ ರಾತ್ರಿಯೆಲ್ಲ ನಿಮ್ಮ ಹತ್ತಿರ ಮಾತಾಡಿದ್ದೆ. ನೀವು ಹೂಂ ಹೂಂ ಅಂತಿದ್ರಿ.”

ಆ ರಾತ್ರಿ ಅವರಿಗೆ ನೆನಪಿತ್ತು. ಆಕೆಯ ಬೆನ್ನು ಸವರುತ್ತಾ ಕೂತಿದ್ದರು. ಆಕೆ ಏನು ಹೇಳಿದಳೆಂಬುದು ಮಾತ್ರ ಇವತ್ತಿಗೂ ಗೊತ್ತಿರಲಿಲ್ಲ.

ಪ್ಲಗ್ಗಿನವು ನಾಲ್ಕು, ಕಾಯಿಲ್‌ನದೊಂದು, ಐದೂ ವೈರುಗಳನ್ನು ಬದಲಾಯಿಸಿದರು. ಮತ್ತೆ ನೀರು ಚಿಮುಕಿಸಿ, ಕತ್ತಲು ಮಾಡಿ ನೋಡಿದರು. ಒಂದು ಕಿಡಿಯೂ ಇರಲಿಲ್ಲ.

ನಾಲ್ಕಕ್ಕೆ ನರ್ಸ್ ಬಂದಾಗ ಕೀಲಿಯ ಜೊತೆ ಹಳೆಯ ವೈರನ್ನೂ ಕೈಗಿಟ್ಟರು. “ಇದರದೇ ತಪ್ಪು ಸಿಸ್ಟರ್. ಇದನ್ನು ಬಿಟ್ಟದ್ದು ನನ್ನ ತಪ್ಪು. ಇನ್ನು ನಿಲ್ಲಲ್ಲ. ಆದ್ರೆ ಮುಂದಿನ ಸಲ ಬಸ್ ಸ್ಟ್ಯಾಂಡ್ ಹಿಂದೆ ಇರೋ ಗ್ಯಾರೇಜಿಗೆ ಕೊಡಿ.”

“ಅಯ್ಯೋ, ನಾನು ಮಾರ್ತೀನಿ ಅಂದದ್ದಕ್ಕೆ ಬೇಜಾರಾ?”

“ಇಲ್ಲಮ್ಮ. ನನಗೆ ಕಿವಿ ಕೇಳಿಸಲ್ಲ.”

ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ನರ್ಸ್ ಮೇಸ್ತ್ರಿಯ ಮುಖಕ್ಕೆ ಎದುರಾಗಿ ನಿಂತು, ರೋಗಿಗಳೊಂದಿಗೆ ಮಾತಾಡುವ ಹಾಗೆ ನಿಧಾನವಾಗಿ, ಪರೀಕ್ಷೆ ಮಾಡಿಸೋಣ, ಕಿವಿಗಿಡುವ ಯಂತ್ರ ಸಿಗುತ್ತದೆ ಎಂದರು. ಮೇಸ್ತ್ರಿ ತಲೆಯಾಡಿಸಿದರು. ಹಾಗೆ ಬಿಡಿಸಿ ಬಿಡಿಸಿ ಹೇಳಿದ ಮಾತು ಕೇಳಿಸಿತು. ಇನ್ನು ಮೇಲೆ ಎಲ್ಲರೂ ಹೀಗೇ ಮಾತಾಡುತ್ತಾರೆ ಎಂಬುದೂ ತಿಳಿಯಿತು.

ಕಾರು ಬೀದಿಯ ತಿರುವಿನತ್ತ ಹೋಯಿತು. ಅಭ್ಯಾಸಬಲದಿಂದ ಮೇಸ್ತ್ರಿಯ ತಲೆ ಆ ಕಡೆ ವಾಲಿತು. ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ಕೇಳಿದರು, “ಹೇಗೆ ಹೋಗ್ತಾ ಇದೆ?”

ಆಕೆ ಸ್ವಲ್ಪ ಹೊತ್ತು ಕಿವಿಗೊಟ್ಟಳು. ನಂತರ ಏನೋ ಹೇಳಿದಳು. ಮುಖ ಕಾರು ಹೋದ ಕಡೆಗೇ ಇತ್ತು. ಅವರಿಗೆ ಕಂಡದ್ದು ಅಲುಗಿದ ಕೆನ್ನೆ ಮಾತ್ರ. ಮತ್ತೊಮ್ಮೆ ಕೇಳಬಹುದಿತ್ತು. ಅವರು ಹೂಂ ಅಂದರು.